ಜ್ವಾಲಾಮುಖಿಯ ಪಾಠ, ಐದು ಬಾಟಲಿ ನೀರು

ಹೆರಿಗೆಯಾದ ಇಪ್ಪತ್ತೊಂಬತ್ತನೆಯ ದಿನ ನಾನು ಸಾಗರ ಪೇಟೆಗೆ ಹೋಗಿ ಇಪ್ಪತ್ತು ನಿಮಿಷದ ಒಂದು ಪಾಠ ಮಾಡಬೇಕಿತ್ತು. ಮಕ್ಕಳಿಗಲ್ಲ, ಸಂದರ್ಶನಕ್ಕೆ ಕೂತ ದೊಡ್ಡವರಿಗೆ. ಅಲ್ಲಿನ ಒಂದು ಕಾಲೇಜಿನಲ್ಲಿ ಆರು ವರ್ಷದಿಂದ ಭೂಗೋಳ ಹೇಳಿಕೊಡುತ್ತಿದ್ದೆ, ಎಲ್ಲಾ ತಾತ್ಕಾಲಿಕ. ಪ್ರತಿ ಜೂನಿಗೆ ಹೊಸ ಅರ್ಜಿ, ಪ್ರತಿ ಏಪ್ರಿಲ್‌ಗೆ ‘ಮುಂದಿನ ವರ್ಷ ನೋಡೋಣ ಮೇಡಂ’. ಈಗ ಭೂಗೋಳಕ್ಕೆ ಒಂದೇ ಒಂದು ಕಾಯಂ ಹುದ್ದೆ ಬಂದಿತ್ತು. ಅದು ತಪ್ಪಿದರೆ ಮತ್ತೆ ಯಾವ ಕಾಲಕ್ಕೋ, ಆ ದೇವರಿಗೇ ಗೊತ್ತು. ಪಾಠಕ್ಕೆ ಕೊಟ್ಟ ವಿಷಯ, ಒಂದು ಜ್ವಾಲಾಮುಖಿ ದ್ವೀಪದ ಸ್ಫೋಟಗಳ ಇತಿಹಾಸ. ನಾನು ಅಂಡಮಾನ್ ಕಡಲಿನ ಬ್ಯಾರನ್ ದ್ವೀಪವನ್ನು ಆರಿಸಿಕೊಂಡಿದ್ದೆ.

ಎಲ್ಲಾ ಸರಿ, ಆದರೆ ನಾನು ಬಾಣಂತಿ. ನಲವತ್ತು ದಿನ ತುಂಬಿ ಗಂಗೆ ಪೂಜೆ ಆಗುವ ತನಕ ಬಾಣಂತಿ ಹೊಳೆ ದಾಟುವ ಹಾಗಿಲ್ಲ. ಇದು ಅಮ್ಮನ ಕಾನೂನು. ತೀರ್ಥಹಳ್ಳಿಗೂ ಹೊಸನಗರಕ್ಕೂ ನಡುವೆ ರಸ್ತೆ ಪಕ್ಕದಲ್ಲೇ ನಮ್ಮ ತವರುಮನೆ. ಮುಂದಿನ ಕೋಣೆಯಲ್ಲಿ ಅಪ್ಪನ ಹಿಟ್ಟಿನ ಗಿರಣಿ, ಹಿಂದಿನ ಕೋಣೆಗಳಲ್ಲಿ ನಾವು. ಈ ಕಡೆ ಹೋದರೂ ಹಳ್ಳ, ಆ ಕಡೆ ಹೋದರೂ ಹೊಳೆ. ನೀರು ದಾಟದೆ ಸಾಗರ ತಲುಪುವ ದಾರಿ ಇದೆಯಾ ಅಂತ ಫೋನಿನ ನಕ್ಷೆಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಹುಡುಕಿದೆ. ಇಲ್ಲ. ಭೂಗೋಳದಲ್ಲಿ ಎಂ.ಎ. ಮಾಡಿದ್ದಕ್ಕೆ ಅಷ್ಟಾದರೂ ಖಚಿತವಾಯಿತು.

“ಆಸ್ಪತ್ರೆಯಿಂದ ಬರ್ತಾ ಹೊಳೆ ದಾಟಿಸ್ಕಂಡೇ ಬಂದ್ಯಲ್ಲ, ಆಗೆಂತ ಆಯ್ತು?” ಅಂತ ಕೇಳಿದೆ.

“ಅದು ದಾಟಿದ್ದಲ್ಲ ಕಣೇ, ಮನೆಗೆ ಬಂದದ್ದು,” ಅಂದಳು ಅಮ್ಮ. ಇದಕ್ಕೆ ಯಾವ ವಕೀಲ ತಾನೇ ಏನು ಹೇಳಿಯಾನು!

ಏಪ್ರಿಲ್ ತಿಂಗಳು. ನನ್ನ ಕೋಣೆಯ ಎರಡೂ ಕಿಟಕಿ ಮುಚ್ಚಿ, ಸಂದಿಗೆ ಹಳೇ ಸೀರೆ ತುರುಕಿದ್ದರು. ಮಂಚದ ಕೆಳಗೆ ಕೆಂಡದ ಮಡಕೆ. ಕಿವಿಗೆ ಹತ್ತಿ, ತಲೆಗೆ ಉಲ್ಲನ್ ಟೋಪಿ, ಹೊಟ್ಟೆಗೆ ಬಿಗಿದ ಪಂಚೆ. ಮೂರು ಹೊತ್ತೂ ಕಾಳುಮೆಣಸು ಬೆಳ್ಳುಳ್ಳಿ ಅರೆದು ಹಾಕಿದ ಸಾರು, ವಾರಕ್ಕೆರಡು ಸಲ ಅದೇ ಖಾರದ ನಾಟಿಕೋಳಿ. ಹಂಡೆಯಿಂದ ಸುಡುಸುಡು ನೀರು ತೋಡಿ ಬೆನ್ನಿಗೆ ಎರಚಿದರೆ ಪ್ರಾಣ ಬಾಯಿಗೆ ಬರುತ್ತಿತ್ತು. ಪಕ್ಕದಲ್ಲಿ ಗಿರಣಿ ಶುರುವಾದರೆ ಗೋಡೆ, ಮಂಚ, ನೀರಿನ ಚೊಂಬು ಎಲ್ಲಾ ನಡುಗುತ್ತಿದ್ದವು. ಎಂಟನೆಯ ದಿನಕ್ಕೆ ನನಗೆ ಆ ಗೋಡೆಯ ಮೇಲಿನ ಪ್ರತಿ ಬಿರುಕೂ ಬಾಯಿಪಾಠವಾಗಿತ್ತು.

ಇದನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಒಂದೇ, ಓದಬಾರದು ಅನ್ನುವುದು. ಬಾಣಂತಿ ಓದಿದರೆ ಕಣ್ಣು ಹೋಗುತ್ತದಂತೆ. ದಿಂಬಿನ ಕೆಳಗಿದ್ದ ಪುಸ್ತಕವನ್ನು ಅಮ್ಮ ಎರಡನೆಯ ದಿನವೇ ಕಿತ್ತುಕೊಂಡಳು. ಫೋನಿನಲ್ಲಿ ಓದುತ್ತಿದ್ದೆ, ಅದೂ ಸಿಕ್ಕಿಬಿದ್ದು ಗಿರಣಿಯ ಗೂಟಕ್ಕೆ ನೇತುಬಿದ್ದಿತು. ಗಂಡ ಕಾರ್ಗಲ್‌ನಲ್ಲಿ ವಿದ್ಯುತ್ ಯೋಜನೆಯ ನೌಕರ. ಅವನಿಗೆ ದೂರು ಹೇಳಿದರೆ, “ಅತ್ತೆ ಹೇಳಿದಂಗೆ ಕೇಳು ಮಾರಾಯ್ತಿ, ನಿಂಗೇ ಒಳ್ಳೇದು” ಅಂದ. ಅವನಿಗೇನು, ಕಿಟಕಿ ತೆರೆದುಕೊಂಡು ಮಲಗುತ್ತಿದ್ದ.

ಹಾಗಾಗಿ ನಾನು ಮಗುವಿಗೇ ಪಾಠ ಶುರು ಮಾಡಿದೆ. ಹೆಣ್ಣುಮಗು, ಇನ್ನೂ ಹೆಸರಿಟ್ಟಿರಲಿಲ್ಲ. ತಲೆಯಲ್ಲಿ ನೆನಪಿದ್ದಷ್ಟನ್ನು ಅದರ ಮುಖ ನೋಡಿಕೊಂಡು ಗಟ್ಟಿಯಾಗಿ ಹೇಳುವುದು. “ನೋಡು ಪುಟ್ಟಿ, ಅಂಡಮಾನಿನಲ್ಲಿ ಒಂದು ದ್ವೀಪ. ಅಲ್ಲಿ ಜನ ಇಲ್ಲ. ಕಡಲಿನ ತಳದಿಂದ ಎದ್ದ ಬೆಟ್ಟದ ತುದಿ ಅಷ್ಟೇ ನಮಗೆ ಕಾಣೋದು. ಹದಿನೆಂಟನೇ ಶತಮಾನದ ಕೊನೇಲಿ ಹಡಗಿನಲ್ಲಿ ಹೋಗ್ತಿದ್ದವರು ಅಲ್ಲಿ ಹೊಗೆ, ಬೆಂಕಿ ನೋಡಿ ಬರೆದಿಟ್ಟರು. ಆಮೇಲೆ ಒಂದಷ್ಟು ವರ್ಷ ಆಗಾಗ ಉಗುಳ್ತು. ಆಮೇಲೆ ಸುಮ್ಮನಾಯ್ತು. ಒಂದೂವರೆ ಶತಮಾನ ಸುಮ್ಮನೇ ಇತ್ತು. ಸತ್ತೇಹೋಯ್ತು ಅಂದುಕೊಂಡಿದ್ರು ಎಷ್ಟೋ ಜನ. ತೊಂಬತ್ತೊಂದರಲ್ಲಿ ಒಂದಿನ ಎದ್ದು ಕೂತುಬಿಡ್ತು!” ಮಗು ಆಕಳಿಸುತ್ತಿತ್ತು. ನನ್ನ ಕ್ಲಾಸಿನ ಹಿಂದಿನ ಬೆಂಚಿನವರಿಗಿಂತ ಅದೇ ವಾಸಿ.

ಬಾಗಿಲ ಹತ್ತಿರ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅಮ್ಮ ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ನನಗೆ ಗೊತ್ತಿರಲಿಲ್ಲ. ಮೂರು ದಿನವಾದ ಮೇಲೆ ಒಮ್ಮೆಲೇ ಕೇಳಿದಳು, “ಅಲ್ಲಿ ಯಾರೂ ಇಲ್ವಾ ಹಂಗಾರೆ?”

“ಆಡು ಇದ್ದಾವೆ. ಹಿಂದೆ ಯಾರೋ ಹಡಗಿನವರು ಬಿಟ್ಟು ಹೋದದ್ದಂತೆ.”

“ಬೆಂಕಿ ಬಂದ್ರೆ ಅವು ಎಲ್ಲಿಗೆ ಹೋಗ್ತಾವೆ?”

“ಎಲ್ಲಿಗೆ ಹೋಗ್ತಾವೆ? ಸುತ್ತ ಸಮುದ್ರ. ಆ ಬದೀಲಿ ಬೆಂಕಿ ಬಂದ್ರೆ ಈ ಬದಿಗೆ ಬರ್ತಾವೆ.”

“ಅಯ್ಯೋ ಪಾಪವೇ,” ಅಂದಳು ಅಮ್ಮ. ನನಗೆ ಪಿತ್ತ ನೆತ್ತಿಗೇರಿತು. ಅಂಡಮಾನಿನ ಆಡುಗಳಿಗೆ ಪಾಪ, ಇಲ್ಲೇ ಮಂಚದ ಮೇಲೆ ಬೇಯುತ್ತಿರುವ ಮಗಳಿಗೆ ಏನೂ ಇಲ್ಲ. ಅದನ್ನು ಹೇಳಿಯೇಬಿಟ್ಟೆ. ಅವಳು ಬೆಳ್ಳುಳ್ಳಿ ಸಿಪ್ಪೆ ಬಳಿದುಕೊಂಡು ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ವಾಪಸು ಬಂದು, “ಅಷ್ಟು ವರ್ಷ ಸುಮ್ನಿದ್ದದ್ದು ಮತ್ಯಾಕೆ ಎದ್ದಿತು?” ಅಂತ ಕೇಳಿದಳು. ಒಳಗೆ ಒತ್ತಡ ಸೇರುತ್ತಾ ಹೋಗುತ್ತದೆ, ತಡೆಯಲಾಗದಾಗ ಹೊರಗೆ ಬರುತ್ತದೆ ಅಂತ ಪುಸ್ತಕದ ಉತ್ತರ ಕೊಟ್ಟೆ. ಅಮ್ಮನಿಗೆ ಅದು ಸಾಕಾದಂತೆ ಕಾಣಲಿಲ್ಲ.

ಜಗಳ ಆದದ್ದು ಇಪ್ಪತ್ತನಾಲ್ಕನೆಯ ದಿನ. ಇಂತಿಂಥ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ಸರದಿ ಅಂತ ಕಾಲೇಜಿನಿಂದ ಫೋನ್ ಬಂತು. ಅಪ್ಪ ಗಿರಣಿಯ ಸದ್ದಿನಲ್ಲೇ ಮಾತಾಡಿ, ಬಾಗಿಲಲ್ಲಿ ನಿಂತು ಹೇಳಿದರು. ನಾನು ಹೋಗುತ್ತೇನೆ ಅಂದೆ. ಅಮ್ಮ ಇಲ್ಲ ಅಂದಳು. ಹೋಗೇ ಹೋಗುತ್ತೇನೆ ಅಂದೆ. “ನನ್ನ ಹೆಣ ದಾಟ್ಕಂಡು ಹೋಗು” ಅಂದಳು. ತಲೆಯ ಟೋಪಿ ಕಿತ್ತು ಗೋಡೆಗೆ ಎಸೆದೆ.

“ನೀನಂತೂ ಮದುವೆಯಾದಾಗಿಂದ ಈ ಗಿರಣಿ ಹಿಂದೆ ಕೂತವಳು. ಎಲ್ಲಿಗೂ ಹೋದವಳಲ್ಲ. ಒಂದು ಪರೀಕ್ಷೆ ಅಂದ್ರೆ ಎಂತ ಅಂತ ಗೊತ್ತಾ ನಿಂಗೆ? ನಿನ್ನ ಹಂಗೇ ನಾನೂ ಹಿಟ್ಟಿನ ಧೂಳು ಕುಡ್ಕೊಂಡು ಸಾಯ್ಬೇಕಾ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಮ್ಮ ಟೋಪಿ ಹೆಕ್ಕಿ, ಧೂಳು ಕೊಡವಿ, ಮಂಚದ ಮೇಲಿಟ್ಟಳು. ಆ ದಿನ ಊಟ ತಂದಿಟ್ಟದ್ದು ಅಪ್ಪ.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಅಮ್ಮ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಬೋರಲು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ತಲೆ ಎತ್ತದೆ ಹೇಳಿದಳು.

“ನಾನೂ ಹೋಗಿದ್ದೆ ಕಣೇ. ಶಿವಮೊಗ್ಗಕ್ಕೆ. ಟೀಚರ್ ಟ್ರೈನಿಂಗಿನ ಕೊನೇ ಪರೀಕ್ಷೆ. ಬಾಣಂತಿಯಾಗಿ ಇಪ್ಪತ್ತಾರನೇ ದಿನ. ನನ್ನ ಅಮ್ಮ ಬೇಡ ಅಂತ ಬಾಗ್ಲಿಗೆ ಅಡ್ಡ ನಿಂತಿದ್ಲು. ನಾನು ಕೇಳ್ಲಿಲ್ಲ. ಮಗೂನ ಎತ್ಕಂಡೇ ಬಸ್ ಹತ್ತಿದೆ. ಹಾಲು ಕುಡಿಯೋ ಮಗು, ಬಿಟ್ಟು ಹೋಗೋದು ಹೆಂಗೆ? ಹೊಳೆ ದಾಟಿ ಹೋಗಿ ಮೂರು ದಿನ ಪರೀಕ್ಷೆ ಬರ್ದು ಬಂದೆ. ಬಂದ ಮಾರನೇ ದಿನ ಜ್ವರ ಬಂತು ಅವನಿಗೆ. ಎರಡೇ ದಿನ. ಅಷ್ಟೇ.”

ನನಗೊಬ್ಬ ಅಣ್ಣ ಇದ್ದ ಅಂತ ಗೊತ್ತಾದದ್ದು ನನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ, ಬಚ್ಚಲ ಬಾಗಿಲಲ್ಲಿ. ಅಮ್ಮ ಮಗುವನ್ನು ಮಗುಚಿ ಹಾಕಿ ಎದೆಗೆ ಎಣ್ಣೆ ಹಚ್ಚಿದಳು. ಹೊಳೆ ದಾಟಿದ್ದಕ್ಕೆ ಜ್ವರ ಬರುವುದಿಲ್ಲ, ಬಸ್ಸಿನ ನೂಕುನುಗ್ಗಲಲ್ಲಿ ಯಾರಿಂದಲೋ ಸೋಂಕು ತಗುಲಿರಬೇಕು ಅನ್ನುವ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ.

“ಬೇಡ ಬಿಡಮ್ಮ, ಹೋಗಲ್ಲ ನಾನು,” ಅಂದೆ.

ಆ ಮಾತು ಹೇಳಿದ ಮೇಲೆ ಆ ಕೋಣೆ ಇನ್ನೂ ಚಿಕ್ಕದಾಯಿತು. ಅಷ್ಟು ದಿನ ನನ್ನನ್ನು ಕೂಡಿಹಾಕಿದ್ದು ಒಂದು ಶಾಸ್ತ್ರ. ಶಾಸ್ತ್ರದ ಜೊತೆ ಜಗಳವಾಡಬಹುದು, ಟೋಪಿ ಕಿತ್ತೆಸೆಯಬಹುದು. ಸತ್ತುಹೋದ ಮಗುವಿನ ಜೊತೆ ಹೇಗೆ ಜಗಳವಾಡುವುದು? ಕಾಯಂ ಹುದ್ದೆ ಇನ್ಯಾರಿಗೋ ಹೋಗುತ್ತದೆ, ನಾನು ಜೂನಿನಲ್ಲಿ ಮತ್ತೆ ಅರ್ಜಿ ಹಿಡಿದು ನಿಲ್ಲುತ್ತೇನೆ, ಅದಕ್ಕೆ ಯಾರನ್ನೂ ಬೈಯುವ ಹಾಗೂ ಇಲ್ಲ. ಗೋಡೆಯ ಕಡೆ ತಿರುಗಿ ಮಲಗಿದೆ. ಮಗುವಿಗೆ ಪಾಠ ಹೇಳುವುದನ್ನೂ ನಿಲ್ಲಿಸಿದೆ.

ಎರಡು ದಿನ ಕಳೆಯಿತು. ಮೂರನೆಯ ಬೆಳಿಗ್ಗೆ ಅಮ್ಮ ಸಾರಿನ ಬಟ್ಟಲು ಹಿಡಿದು ಬಂದು, “ಪಾಠ ಯಾಕೆ ನಿಲ್ಸಿದೆ?” ಅಂತ ಗದರಿದಳು. ಅವಳು ಮಂಚದ ಅಂಚಿನಲ್ಲಿ ಕೂತಳು.

“ಗಂಗೆ ಪೂಜೆ ಮುಂಚೆನೇ ಮಾಡಣ. ನೀನು ಹೊಳೆ ಹತ್ರ ಹೋಗೋ ಹಂಗಿಲ್ಲ, ಹೊಳೆನೇ ಮನೆಗೆ ಬರ್ಲಿ. ಸಾಗರದ ತನಕ ಎಷ್ಟು ನೀರು ದಾಟ್ತೀಯೋ ಅಷ್ಟೂ ಬರ್ಲಿ. ಎಲ್ಲದಕ್ಕೂ ಪೂಜೆ ಮಾಡಿ ಹೋಗು.”

ಇದು ಯಾವ ಶಾಸ್ತ್ರದಲ್ಲಿದೆ ಅಂತ ನಾನು ಕೇಳಲಿಲ್ಲ. ಕೇಳುವಷ್ಟು ದಡ್ಡಿಯಲ್ಲ. ಅಪ್ಪ ಗಿರಣಿಗೆ ಬೀಗ ಹಾಕಿ, ಸ್ಕೂಟರಿಗೆ ಖಾಲಿ ಬಾಟಲಿಗಳ ಚೀಲ ಸಿಕ್ಕಿಸಿಕೊಂಡು ಹೊರಟರು. ಸಂಜೆ ಐದು ಬಾಟಲಿ ನೀರಿನೊಂದಿಗೆ ಬಂದರು. ಜನ ತಂದಿಟ್ಟ ಹಿಟ್ಟಿನ ಡಬ್ಬಿಗಳಿಗೆ ಹಾಕುವ ಹಾಗೇ ಪ್ರತಿಯೊಂದಕ್ಕೂ ಒಂದು ಚೀಟಿ ಅಂಟಿಸಿ ಹಳ್ಳದ ಹೆಸರು ಬರೆದಿದ್ದರು. ಒಂದರಲ್ಲಿ ಪುಟ್ಟ ಮೀನಿನ ಮರಿಯೂ ಇತ್ತು. ಹಿತ್ತಲ ಕಲ್ಲಿನ ಮೇಲೆ ಐದನ್ನೂ ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ದಾಸವಾಳ ಇಟ್ಟು, ವೀಳ್ಯದೆಲೆ ಅಡಿಕೆ ಇಟ್ಟು ಕೈ ಮುಗಿದೆ. ಇಪ್ಪತ್ತೆಂಟು ದಿನದಲ್ಲಿ ಮೊದಲ ಸಲ ಹೊರಗಿನ ಗಾಳಿ ಮೈಗೆ ತಾಗಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಅಪ್ಪನ ಹಳೇ ಓಮ್ನಿಯಲ್ಲಿ ಹೊರಟೆವು. ಮಗುವಿಗೆ ಎರಡು ಗಂಟೆಗೊಮ್ಮೆ ಹಾಲು ಬೇಕು, ಹಾಗಾಗಿ ಅದನ್ನು ಎತ್ತಿಕೊಂಡು ಅಮ್ಮನೂ ಹತ್ತಿದಳು. ಒಂದೊಂದು ಸೇತುವೆ ಬಂದಾಗಲೂ ಕಿಟಕಿಯಿಂದ ಒಂದು ಹೂ ಎಸೆದು, ಮಗುವಿನ ತಲೆಗೆ ಸೆರಗು ಮುಚ್ಚಿ, ಬಾಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ನಾನು ನನ್ನ ಪಾಠವನ್ನು ಒಳಗೊಳಗೇ ಒಪ್ಪಿಸಿಕೊಳ್ಳುತ್ತಿದ್ದೆ. ಐದು ಸೇತುವೆ, ಐದು ಹೂ. ಹೊಸನಗರ ಹಿಂದೆ ಬಿತ್ತು.

ಆಮೇಲೆ ಶರಾವತಿ ಹಿನ್ನೀರಿನ ಉದ್ದ ಸೇತುವೆ ಕಾಣಿಸಿತು.

“ನಿಲ್ಸಿ! ನಿಲ್ಸಿ ಅಂದೆ!” ಅಮ್ಮ ಕೂಗಿದ ರಭಸಕ್ಕೆ ಮಗು ಬೆಚ್ಚಿ ಅತ್ತಿತು. ಅಪ್ಪ ಸೇತುವೆಯ ಈಚೆಗೇ ಬ್ರೇಕ್ ಹಾಕಿದರು. “ಇದರ ಬಾಟ್ಲಿ ಎಲ್ಲಿ?”

“ಯಾವುದರದ್ದು?”

“ಇದರದ್ದು! ಎದುರಿಗಿದ್ಯಲ್ಲ ಇಷ್ಟು ದೊಡ್ಡ ಹೊಳೆ!”

“ಇದೆಂತ ಹೊಳೆ?” ಅಂದರು ಅಪ್ಪ, ನಿಜವಾಗಿಯೂ ಆಶ್ಚರ್ಯಪಟ್ಟು. “ಇದು ಹಿನ್ನೀರು. ಡ್ಯಾಮಿಂದ ಹಿಂದಕ್ಕೆ ಬಂದು ನಿಂತ ನೀರು. ಹೊಳೆ ಅಂದ್ರೆ ಮುಂದಕ್ಕೆ ಹರೀಬೇಕು. ನಮ್ಮಪ್ಪನ ಗದ್ದೆ ಇದರ ಅಡೀಲಿ ಇದೆ, ಗದ್ದೆಗೆ ಯಾರಾದ್ರೂ ಗಂಗೆ ಪೂಜೆ ಮಾಡ್ತಾರಾ?”

ಅಪ್ಪನ ಮೇಲೆ ಸಿಟ್ಟು ಮಾಡುವುದೂ ಕಷ್ಟ. ಮುಳುಗಡೆಯವರ ಮನೆಯಲ್ಲಿ ಹುಟ್ಟಿದ ಮನುಷ್ಯ. ಆ ನೀರನ್ನು ಅವರು ಒಂದು ದಿನವೂ ಹೊಳೆ ಅಂತ ಕರೆದದ್ದನ್ನು ನಾನು ಕೇಳಿಲ್ಲ. ಅಮ್ಮನಿಗೆ ಅದು ಶರಾವತಿ, ನಿಂತರೂ ಶರಾವತಿ, ಹರಿದರೂ ಶರಾವತಿ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಗಂಟೆ ಒಂಬತ್ತೂವರೆ. ಬೇಸಿಗೆಯಲ್ಲಿ ನೀರು ಇಳಿದು, ದಡದಿಂದ ಬಲು ದೂರದ ತನಕ ಬಿರುಕುಬಿಟ್ಟ ಕೆಸರು. ಬಾಟಲಿ ಹಿಡಿದು ಇಳಿದ ಅಪ್ಪ ಹತ್ತು ಹೆಜ್ಜೆಗೆ ಮೊಣಕಾಲ ತನಕ ಹೂತುಹೋಗಿ, ತೆವಳಿಕೊಂಡು ಮೇಲೆ ಬಂದರು.

ನಾನು ಗಾಡಿಯಿಂದ ಇಳಿದು ರಸ್ತೆಯಲ್ಲೇ ಕಿರುಚಿದೆ. ಏನೇನು ಕಿರುಚಿದೆನೋ ಈಗ ಎಲ್ಲಾ ನೆನಪಿಲ್ಲ. ಆರು ವರ್ಷ ಅಂದೆ, ಕೆಂಡದ ಮಡಕೆ ಅಂದೆ, ನಿಮ್ಮಿಬ್ಬರ ನಡುವೆ ನನ್ನ ಬದುಕೇ ಮುಳುಗಡೆ ಅಂದೆ. ದಾರಿಯಲ್ಲಿ ಹೋಗುತ್ತಿದ್ದ ಬೈಕಿನವನೊಬ್ಬ ನಿಂತು ನೋಡಿ, ಬೇಡಪ್ಪ ಅಂತ ಹೊರಟುಹೋದ.

ಅಮ್ಮ ನಾನು ಮುಗಿಸುವ ತನಕ ಕಾದಳು. ಆಮೇಲೆ ಮಗುವಿನೊಂದಿಗೆ ಇಳಿದು, ಸೇತುವೆಯ ಬುಡದಲ್ಲಿದ್ದ ಬಸ್ ತಂಗುದಾಣದ ಕಟ್ಟೆಯ ಮೇಲೆ ಸೆರಗಿನಿಂದ ಧೂಳು ಒರೆಸಿದಳು.

“ಬಾ, ಕೂತು ಹಾಲು ಕೊಡು. ಆಮೇಲೆ ಕುಡಿಸಕ್ಕೆ ಒಳಲೆಗೂ ಒಂಚೂರು ಹಿಂಡಿಡು. ನೀನು ದಾಟು. ಇವಳು ದಾಟೋದು ಬೇಡ. ನಾನು ಇಲ್ಲೇ ಕೂತಿರ್ತೀನಿ.”

“ಎಷ್ಟೊತ್ತು ಕೂರ್ತೀಯಾ? ಬರೋದು ಮಧ್ಯಾಹ್ನ ಆಗ್ತದೆ ಅಮ್ಮ.”

“ಆಗ್ಲಿ. ಅವತ್ತು ನಂಗೆ ದಡದಲ್ಲಿ ಕೂರೋರು ಯಾರೂ ಇರ್ಲಿಲ್ಲ.”

ಮಗುವಿಗೆ ಹಾಲು ಕೊಟ್ಟು, ಅದನ್ನು ಅವಳ ಮಡಿಲಿಗೆ ಹಾಕಿ, ತಿರುಗಿ ನೋಡದೆ ಗಾಡಿ ಹತ್ತಿದೆ. ಸೇತುವೆಯ ಮೇಲೆ ಕಿಟಕಿ ಪೂರ್ತಿ ಇಳಿಸಿದೆ. ಇಪ್ಪತ್ತೊಂಬತ್ತು ದಿನದಿಂದ ಬೇಡಿದ ಗಾಳಿ ಮುಖಕ್ಕೆ ರಪ್ಪನೆ ಹೊಡೆಯಿತು. ಖುಷಿ ಆಗಬೇಕಿತ್ತು. ಆಗಲಿಲ್ಲ. ಗಾಡಿ ಮುಂದೆ ಹೋದಷ್ಟೂ ಎದೆ ಹಿಂದಕ್ಕೆ ಜಗ್ಗುತ್ತಿತ್ತು, ಕೋಣೆಯೇ ನನ್ನ ಜೊತೆ ಹೊರಟುಬಂದ ಹಾಗೆ. ಕೆಸರು ಮೆತ್ತಿದ ಪಂಚೆಯಲ್ಲಿ ಅಪ್ಪ ಗಾಡಿ ಓಡಿಸಿದರು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ತಲುಪಿದೆ. ಕಪ್ಪುಹಲಗೆಯ ಮೇಲೆ ದ್ವೀಪ ಬರೆದೆ, ಸುತ್ತ ಕಡಲು ಬರೆದೆ. ಮೊದಲ ದಾಖಲೆ, ನಡುವಿನ ಮೌನ, ತೊಂಬತ್ತೊಂದು, ಆಮೇಲಿಂದ ಇವತ್ತಿನ ತನಕ ಬಿಟ್ಟುಬಿಟ್ಟು ಉಗುಳುತ್ತಿರುವುದು, ಎಲ್ಲಾ ಹೇಳಿದೆ. ಮಗುವಿಗೆ ಹೇಳಿ ಹೇಳಿ ಬಾಯಿಗೆ ಬಂದಿತ್ತು. ಅರ್ಧ ಪಾಠದಲ್ಲಿ ಎದೆ ಸೋರತೊಡಗಿತು. ಶಾಲು ಎಳೆದುಕೊಂಡೆ. ಕೊನೆಗೆ ಅವರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು ಕೇಳಿದರು, “ಅಷ್ಟು ವರ್ಷ ಸುಮ್ಮನಿದ್ದದ್ದು ಮತ್ತೆ ಯಾಕೆ ಎದ್ದಿತು ಮೇಡಂ?”

ಅಮ್ಮನ ಪ್ರಶ್ನೆಯೇ. ಪುಸ್ತಕದ ಉತ್ತರ ಬಾಯಿಗೆ ಬಂತು, ಹೇಳಿದೆ. ಆದರೆ ಅಲ್ಲಿಗೇ ನಿಲ್ಲಲಾಗಲಿಲ್ಲ. “ಸುಮ್ಮನಿತ್ತು ಅಂತ ಖಚಿತವಾಗಿ ಹೇಳೋಕಾಗಲ್ಲ ಸರ್. ನಮ್ಮ ಹತ್ತಿರ ಇರೋದು ಆ ದಾರೀಲಿ ಹೋದ ಹಡಗಿನವರು ಬರೆದಿಟ್ಟದ್ದು ಅಷ್ಟೇ. ಯಾರೂ ಹತ್ತಿರ ಹೋಗಿ ನೋಡದೇ ಇದ್ದಾಗ ಅದು ಎಷ್ಟು ಸಲ ಉರಿದಿದೆಯೋ, ನಮಗೆ ಹೇಗೆ ಗೊತ್ತಾಗಬೇಕು?” ಅಂದೆ. ಅವರು ಏನೋ ಬರೆದುಕೊಂಡರು. ಕೆಲಸ ನನಗೇ ಆಯಿತು ಅನ್ನುವುದು ಎಷ್ಟೋ ದಿನದ ಮೇಲೆ ತಿಳಿಯಿತು. ಆ ಹೊತ್ತಿಗೆ ನನಗೆ ಮಗುವಿನ ಹತ್ತಿರ ಓಡಬೇಕಿತ್ತು ಅಷ್ಟೇ.

ಸೇತುವೆಯ ಹತ್ತಿರ ಬರುವಾಗ ಎರಡು ಗಂಟೆ. ಅಮ್ಮ ಹೇಗೆ ಕೂತಿದ್ದಳೋ ಹಾಗೇ ಕೂತಿದ್ದಳು. ಕಾಲು ಚಾಚಿ, ಕಾಲ ಮೇಲೆ ಮಗು ಮಲಗಿಸಿಕೊಂಡು, ಸೆರಗಿನಿಂದ ಬಿಸಿಲು ಮರೆಮಾಡಿಕೊಂಡಿದ್ದಳು. ಹತ್ತಿರ ಹೋದಾಗ ಅವಳ ಮಾತು ಕೇಳಿಸಿತು. “ಆ ಬದೀಲಿ ಬೆಂಕಿ ಬಂದ್ರೆ ಆಡೆಲ್ಲ ಈ ಬದಿಗೆ ಬರ್ತಾವೆ ಪುಟ್ಟಿ, ಹೆದ್ರಬಾರ್ದು, ಈ ಬದಿಗೆ ಬರ್ತಾವೆ.”

ಮಗುವನ್ನು ಎತ್ತಿಕೊಂಡು ಅದರ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ನಾನು ಮುಟ್ಟಿದ್ದನ್ನು ಅಮ್ಮ ನೋಡಿದಳು. ಅವಳ ಪಕ್ಕದಲ್ಲೇ ಕೂತು ಹಾಲಿಗೆ ಹಾಕಿಕೊಂಡೆ.

“ಎಲ್ಲಾ ಹೇಳಿದ್ಯಾ? ಎಂತದೂ ಮರೀಲಿಲ್ಲ ತಾನೆ?”

“ಹೇಳಿದೆ. ನೀನು ಕೇಳಿದ್ಯಲ್ಲ, ಅದನ್ನೇ ಕೇಳಿದ್ರು.”

ಅಮ್ಮನಿಗೆ ಒಳಗೊಳಗೇ ಹೆಮ್ಮೆಯಾಯಿತು, ಮುಖ ಆ ಕಡೆ ತಿರುಗಿಸಿದಳು. ಆಗ ನನಗೆ ಹೊಳೆಯಿತು, ಇಷ್ಟು ದಿನವೂ ನಾನು ಅದೊಂದನ್ನು ಕೇಳಿಯೇ ಇಲ್ಲವಲ್ಲ ಅಂತ.

“ಅಮ್ಮ, ನಿನ್ನ ಪರೀಕ್ಷೆ ಎಂತಾಯ್ತು?”

“ಯಾವುದು?”

“ಶಿವಮೊಗ್ಗದ್ದು.”

ಅವಳು ಖಾಲಿ ಒಳಲೆಯನ್ನು ಸೆರಗಿನಲ್ಲಿ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

“ಪಾಸಾಗಿತ್ತು ಕಣೇ. ಫಸ್ಟ್ ಕ್ಲಾಸು. ಸರ್ಟಿಫಿಕೇಟ್ ತಗಂಡು ಹೋಗಿ ಅಂತ ಕಾಗದ ಬಂದಿತ್ತು. ಅದನ್ನ ತರೋಕೆ ಮತ್ತೆ ಹೊಳೆ ದಾಟ್ಬೇಕಿತ್ತಲ್ಲ. ನಂಗೆ ಆಗ್ಲಿಲ್ಲ.”

ಮಗು ಹಾಲು ಬಿಟ್ಟು ನಿದ್ದೆ ಹೋಗಿತ್ತು. ಅಪ್ಪ ಗಾಡಿ ಶುರುಮಾಡಿ ಕಾಯುತ್ತಿದ್ದರು. ನಾನು ಏಳಲಿಲ್ಲ, ದಡದಲ್ಲಿ ಅಮ್ಮನ ಪಕ್ಕ ಕೂತೇ ಇದ್ದೆ.